ಹದಿನೇಳರ ಮಗ್ಗಿ ಕೇಳುತ್ತಿದ್ದವರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಆಸ್ಪತ್ರೆಯ ವೈಫೈ ಫೋನುಗಳಲ್ಲಿ ಮೂರು ದಿನ ಯಾರ ಕೈಗೂ ಸಿಗದೆ ಓಡಾಡಿದ ದೋಷ ನನ್ನ ಬಾಯಿಯಲ್ಲಿತ್ತು. ಫೋನಿನ ಲೈನು ಕಡಿಯುವಾಗ ಮಾತು ಹೇಗೆ ಚೂರುಚೂರಾಗಿ ಕೇಳುತ್ತದೋ ಹಾಗೆ ನಾನೇ ಕಡಿದು ಕಡಿದು ಮಾತಾಡಿದ್ದೆ. ಕಾರಣ ದೊಡ್ಡದೇನಲ್ಲ. ಔಷಧಿ ಅಂಗಡಿಯ ಕಿಟಕಿಯ ಹಿಂದೆ ಕೂರುತ್ತಿದ್ದ ಇಬ್ಬರು ಗೆಳೆಯರು ನಗಲಿ ಎಂದು. ಅವರು ನಕ್ಕರು. ಅದನ್ನು ನಿಜವೆಂದು ನಂಬಿ ಅರವತ್ತೆಂಟು ವರ್ಷದ ಒಬ್ಬ ಮನುಷ್ಯ, ನೋಯುವ ಮಂಡಿ ಹಿಡಿದುಕೊಂಡು ಐದು ಸಲ ಏಣಿ ಹತ್ತಿ ಇಳಿದರು.

ಅವರು ಹೋದ ತಿಂಗಳು ಮಸ್ಕಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು, ಇಲ್ಲೂ ಹಾಗೇ ಇರಲಿ. ಮಣ್ಣಿಗೆ ಹೋಗಿದ್ದೆ. ಅವರ ಮಗಳು ನನ್ನನ್ನು ಗುರುತು ಹಿಡಿದು, “ಎಲ್ಲಾರ ದನಿ ತೆಗೆಯಾಂವ ನೀನಾ ಅಲ್ಲೇನಪಾ? ಅಪ್ಪಾಜಿ ನಿನ್ನ ಸುದ್ದಿ ಹೇಳಿ ಹೇಳಿ ನಗ್ತಿದ್ರು” ಅಂದರು. ಸ್ವಲ್ಪ ತಡೆದು, “ಅಪ್ಪಾಜಿದು ತೆಗೀತಿಯೇನು?” ಎಂದು ಕೇಳಿದರು.

ಆಗಲಿಲ್ಲ. ಅಳು ಒತ್ತರಿಸಿ ಬಂತು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ವಿಷಯ ಅದಲ್ಲ. ಕಾಕಾ ಬದುಕಿದ್ದಾಗಲೂ ಅವರ ದನಿ ನನಗೆ ಬಂದಿರಲಿಲ್ಲ. ನಮ್ಮ ದೊಡ್ಡ ಡಾಕ್ಟರು ಮಾತಿಗೆ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದು, ಮಸ್ಕಿ ಬಸ್ಸಿನ ಕಂಡಕ್ಟರ್ ಸೀಟಿ ಹೊಡೆಯುವುದು, ಆಸ್ಪತ್ರೆಯ ಜನರೇಟರ್ ಚಾಲೂ ಆಗುವ ಮುಂಚೆ ಕೆಮ್ಮುವುದು, ಎಲ್ಲ ನನಗೆ ಬರುತ್ತದೆ. ನನ್ನ ನಗುವನ್ನೂ ತೆಗೆಯುತ್ತೇನೆ, ಪೆಟ್ರೋಲ್ ಮುಗಿದ ಮೋಟರ್‌ಸೈಕಲ್ಲಿಗೆ ಕಿಕ್ ಹೊಡೆದ ಹಾಗಿರುತ್ತದೆ. ಆದರೆ ಕಾಕಾ ಮಾತಾಡುವ ಮನುಷ್ಯರಲ್ಲ, ಕೇಳುವ ಮನುಷ್ಯರು. ಕಣ್ಣು ಮುಚ್ಚಿ ಕೇಳುತ್ತ ಕೂತವರನ್ನು ಅಣಕಿಸುವುದು ಹೇಗೆ? ನಾನೂ ಕಣ್ಣು ಮುಚ್ಚಿ ಕೂತರೆ ಡ್ಯೂಟಿಯಲ್ಲಿ ನಿದ್ದೆ ಹೊಡೆಯುತ್ತಾನೆ ಎಂದು ಬೈಯುತ್ತಾರೆ.

ನಾನು ಗೊರೇಬಾಳದವನು. ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂರುತ್ತೇನೆ. ಓದಿದ್ದು ಬಿಕಾಂ, ಬಂದದ್ದು ಮಿಮಿಕ್ರಿ. ಕಾಕಾ ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಲಿಂಗಸುಗೂರಿನಲ್ಲಿ ಬಹಳ ವರ್ಷ ಇದ್ದರು. ಲಿಂಗಸುಗೂರಿನಿಂದ ಮುದಗಲ್‌ವರೆಗೆ ಯಾವ ಕಂಬ ಯಾವ ಕಡೆ ವಾಲಿದೆ ಎಂಬುದು ಅವರಿಗೆ ನೆನಪಿತ್ತು. ಆ ಕಂಬಗಳು ಈಗ ಇಲ್ಲ, ವಾಲಿದ್ದು ಮಾತ್ರ ಅವರ ತಲೆಯಲ್ಲಿ ಉಳಿದಿತ್ತು. ಕಂಬಕ್ಕೆ ಕಿವಿ ಹಚ್ಚಿದರೆ ತಂತಿಯ ಗುಂಯ್ ಎನ್ನುವ ಸದ್ದಿನಲ್ಲೇ ಲೈನು ಮುಂದೆ ಸರಿ ಇದೆಯೋ ಇಲ್ಲವೋ ಗೊತ್ತಾಗುತ್ತಿತ್ತಂತೆ. ನಿವೃತ್ತಿಯಾದ ಮೇಲೆ ಕೇಬಲ್ ಎಳೆದರು, ಕ್ಯಾಮೆರಾ ಕೂರಿಸಿದರು, ಆಮೇಲೆ ವೈಫೈ ಕಲಿತರು. ಮೂರು ಕೀ ಕಿತ್ತುಹೋದ ಒಂದು ಲ್ಯಾಪ್‌ಟಾಪ್ ಇತ್ತು. ಇಲ್ಲದ ಕೀಗಳ ಜಾಗವನ್ನು ಟೆಸ್ಟರ್ ತುದಿಯಿಂದ ಒತ್ತುತ್ತಿದ್ದರು.

ಹಣೆಯ ಮೇಲೆ ಮೂರು ಗೆರೆ ವಿಭೂತಿ, ಜೇಬಿನಲ್ಲಿ ಟೆಸ್ಟರು, ಒಂದು ಬಾಚಣಿಕೆ. ಬಾಚಿಕೊಳ್ಳಲು ತಲೆಯಲ್ಲಿ ಹೆಚ್ಚೇನೂ ಇರಲಿಲ್ಲ. ಚಹಾವನ್ನು ಕಪ್ಪಿನಡಿಯ ಬಸಿಗೆ ಸುರಿದುಕೊಂಡೇ ಕುಡಿಯುತ್ತಿದ್ದರು. ಕಾಗದದ ಕಪ್ಪಿನಲ್ಲಿ ಕೊಟ್ಟರೆ, “ಬಸಿ ಇಲ್ಲೇನಪಾ? ಇರ್ಲಿ ಬಿಡು, ಆರಿದ ಮ್ಯಾಲೆ ಕುಡೀತೀನಿ” ಎಂದು ಪಕ್ಕಕ್ಕಿಟ್ಟು ಮರೆತುಬಿಡುತ್ತಿದ್ದರು. ನಾನೊಮ್ಮೆ, “ಕಾಕಾ, ಇದಕ್ಕ ತಂತೀನ ಇಲ್ಲ. ಲೈನ್‌ಮನ್‌ಗೆ ಇಲ್ಲೇನು ಕೆಲಸ?” ಎಂದು ಕೆಣಕಿದೆ. ಅವರು ಸಿಟ್ಟಾಗಲಿಲ್ಲ. “ತಂತಿ ಇದ್ದಾಗ ಕಣ್ಣಿಲೆ ಹುಡುಕ್ತಿದ್ದೆ. ಈಗ ಕಿವೀಲೆ ಹುಡುಕ್ತೀನಿ. ಕೆಲಸ ಹೆಚ್ಚಾತಲೇ, ಕಮ್ಮಿ ಎಲ್ಲಾತು?” ಅಂದರು.

ಆಸ್ಪತ್ರೆಗೆ ಆ ಫೋನುಗಳನ್ನು ತರಿಸಿದ್ದು ಕಾಕಾರ ಮಾತಿನ ಮೇಲೆ. ನಮ್ಮ ಕಟ್ಟಡದ ಒಳಗೋಡೆಗಳು ದಪ್ಪ. ಆಪರೇಷನ್ ಥಿಯೇಟರಿನ ಕಡೆ ಮೊಬೈಲ್ ಸಿಗ್ನಲ್ ಬರುವುದೇ ಇಲ್ಲ. ಮೇಲಿನ ಅಂತಸ್ತಿನ ಹೆರಿಗೆ ವಾರ್ಡಿನಿಂದ ಕೆಳಗಿರುವ ಡಾಕ್ಟರನ್ನು ಕರೆಯಬೇಕೆಂದರೆ ಮೆಟ್ಟಿಲ ಮೇಲೆ ನಿಂತು ಕೂಗಬೇಕು. ಕೂಗುವುದು ದೊಡ್ಡ ಸಿಸ್ಟರ್ ಪಾಲಿಗೆ ಬಂದಿತ್ತು. ಅವರು ಮುದಗಲ್ಲಿನವರು, ಇಪ್ಪತ್ತು ವರ್ಷದಿಂದ ಇಲ್ಲಿ ನರ್ಸುಗಳ ಮೇಲಿನವರು, ಡಾಕ್ಟರಿಗೂ ಅವರೆಂದರೆ ಸ್ವಲ್ಪ ಅಳುಕು. ಕಾಕಾ ಕ್ಯಾಮೆರಾ ರಿಪೇರಿಗೆ ಬಂದಾಗ ಆ ಕೂಗು ಕೇಳಿ, “ಸಾಹೇಬ್ರ, ವೈಫೈ ಮ್ಯಾಲೆ ಮಾತಾಡೋ ಫೋನ್ ಬರ್ತಾವು. ಸಿಸ್ಟರ್‌ಗೊಳು ಕಿಸೇದಾಗ ಇಟ್ಕೊಂಡು ಮಾತಾಡ್ತಾ ಓಡ್ಯಾಡ್ಬಹುದು. ಜವಾಬ್ದಾರಿ ನಂದು” ಅಂದರು. ಡಾಕ್ಟರು ಹೂಂ ಅಂದರು. ಲಿಂಗಸುಗೂರಿನ ಇನ್ನೊಂದು ಆಸ್ಪತ್ರೆಯವರು ಇಲ್ಲಿ ಹೇಗೆ ನಡೆಯುತ್ತದೆ ನೋಡಿ ತಾವೂ ಹಾಕಿಸುವುದೆಂದು ಕಾಯುತ್ತಿದ್ದರು.

ಪ್ರತಿ ಅಂತಸ್ತಿನ ಚಾವಣಿಗೆ ಬಿಳಿ ಡಬ್ಬಿಗಳು ಬಂದವು. ಡಬ್ಬಿಯಿಂದ ಸಿಗ್ನಲ್, ಸಿಗ್ನಲ್ಲಿನಿಂದ ಫೋನು. ಮಾತಾಡುತ್ತ ನಡೆದರೆ ಒಂದು ಡಬ್ಬಿಯ ಹದ್ದು ಮುಗಿದು ಇನ್ನೊಂದರದು ಶುರುವಾಗುತ್ತದೆ. ಆ ಬದಲಾವಣೆ ಮಾತು ಕಡಿಯದಂತೆ ಆಗಬೇಕು. ಕಷ್ಟವೆಲ್ಲ ಅಲ್ಲೇ. ಬಸ್ಸಿನಲ್ಲಿ ಹೋಗುತ್ತ ಮೊಬೈಲಿನಲ್ಲಿ ಮಾತಾಡಿದರೆ ಕಡಿಯುವುದಿಲ್ಲವಲ್ಲ, ಇಲ್ಲಿ ಯಾಕೆ ಕಡಿಯುತ್ತದೆ ಎಂದು ನಾನು ಕೇಳಿದ್ದೆ.

“ಮೊಬೈಲ್‌ದಾಗ ಟವರಿನಾಂವ ನಿನ್ನ ಕೈ ಹಿಡದು ಮುಂದಿನ ಟವರಿನಾಂವಗ ಒಪ್ಪಸ್ತಾನ” ಎಂದರು ಕಾಕಾ. “ಇದರಾಗ ಹಂಗಿಲ್ಲ. ಫೋನೇ ತಿಳ್ಕೊಂಡು ಎದ್ದು ಹೋಗಬೇಕು. ಕೆಲವು ಫೋನ್ ಭಾಳ ಮೊಂಡ ಇರ್ತಾವು. ಹಳೇ ಡಬ್ಬಿ ದನಿ ಒಂದೀಟು ಕೇಳಿದ್ರ ಸಾಕು, ಅಲ್ಲೇ ಕುಂತುಬಿಡ್ತಾವು. ಮಗ್ಗಲದಾಗ ಹೊಸಾ ಡಬ್ಬಿ ಇದ್ರೂ ನೋಡಂಗಿಲ್ಲ.”

ಆದ್ದರಿಂದ ಒಬ್ಬರು ಮಾತಾಡುತ್ತ ಕಟ್ಟಡವೆಲ್ಲ ನಡೆಯಬೇಕು, ಇನ್ನೊಬ್ಬರು ಕೂತು ಎಲ್ಲಿ ಕಡಿಯುತ್ತದೆ ಎಂದು ಕೇಳಬೇಕು. ಕಾಕಾರ ಮಂಡಿಗೆ ನಡಿಗೆ ಆಗದು. ನಡೆಯುವುದು ನನ್ನ ಪಾಲಿಗೆ ಬಂತು. ನಾನು “ಹಲೋ, ಹಲೋ” ಎನ್ನುತ್ತ ಹೊರಟೆ. ಕಾಕಾ ವಾಪಸು ಕರೆದರು.

“ಹಲೋ ಬ್ಯಾಡ. ಎಲ್ಲಾ ಹಲೋ ಒಂದೇ ನಮೂನಿ ಇರ್ತಾವು, ಯಾವ ಹಲೋ ಎಲ್ಲಿ ಕಡೀತು ಹೆಂಗ ತಿಳೀಬೇಕು? ಮಗ್ಗಿ ಹೇಳು. ನಾಕು ಹೆಜ್ಜಿಗೆ ಒಂದು ಸಾಲು.”

“ಎಷ್ಟರ ಮಗ್ಗಿ ಕಾಕಾ? ಎರಡರದು ಹೇಳ್ಲಾ?”

“ಹದಿನೇಳರದು.”

“ಹದಿನೇಳ್ಯಾಕ್ರಿ?”

“ಎರಡರದು ಹೇಳಿದ್ರ ಬಾಯಿ ತಾನಾ ಓಡ್ತೈತಿ. ಹದಿನೇಳಕ್ಕ ಮನಸ್ಸು ಇಟ್ಟು ಹೇಳಬೇಕು. ದನಿ ಒಂದೇ ಸಮ ಬರ್ತೈತಿ.”

ಹೀಗೆ ಶಾಲೆಯಲ್ಲಿ ಒದೆ ತಿಂದರೂ ಬರದ ಮಗ್ಗಿಯನ್ನು ಇಪ್ಪತ್ತಮೂರನೇ ವಯಸ್ಸಿನಲ್ಲಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕಲಿತೆ. ಮೊದಮೊದಲು ಕೈಯಲ್ಲಿ ಚೀಟಿ ಹಿಡಿದುಕೊಂಡಿದ್ದೆ. ಹದಿನೇಳೊಂದ್ಲೆ ಹದಿನೇಳು ರಿಸೆಪ್ಷನ್ನು, ಹದಿನೇಳ್ಮೂರ್ಲೆ ಐವತ್ತೊಂದು ಔಷಧಿ ಅಂಗಡಿ, ಹದಿನೇಳಾರ್ಲೆ ನೂರಾ ಎರಡು ಎಕ್ಸ್‌ರೇ ಕೋಣೆ. ಬೆಂಚಿನ ಮೇಲೆ ಕೂತಿದ್ದ ಒಬ್ಬ ಅಜ್ಜ ನಾನು ನಾಲ್ಕನೇ ಸಲ ಹಾದುಹೋದಾಗ ಪಕ್ಕದವರನ್ನು ಮೆಲ್ಲಗೆ ಕೇಳಿದ, “ಪಾಪ, ವಯಸ್ಸಿನ ಹುಡುಗ. ಯಾವ ವಾರ್ಡಿನಾಂವ್ರಿ ಇಂವ?”

ಕಾಕಾ ಮಾತ್ರ ರಿಸೆಪ್ಷನ್ನಿನ ಕುರ್ಚಿಯಲ್ಲಿ ಕೂತು, ಎಡಗಿವಿಗೆ ಫೋನು ಒತ್ತಿಕೊಂಡು ಕಣ್ಣು ಮುಚ್ಚಿರುತ್ತಿದ್ದರು. ತೊಡೆಯ ಮೇಲೆ ಒಂದು ನೋಟ್‌ಬುಕ್ಕು. ಕಣ್ಣು ತೆರೆಯದೆಯೇ ಅದರಲ್ಲಿ ಗೀಟು ಹಾಕುತ್ತಿದ್ದರು. ತುಟಿ ಸಣ್ಣಗೆ ಆಡುತ್ತಿತ್ತು, “ಬಂತು... ಬಂತು... ಬರೋಬರಿ...”

ಮೊದಲ ದಿನ ಮೇಲಿನ ಅಂತಸ್ತು ಮುಗಿಯಿತು, ಒಂದು ಅಕ್ಷರ ಕಡಿಯಲಿಲ್ಲ. ಎರಡನೇ ದಿನ ಕೆಳಗಿನ ಅಂತಸ್ತು. ಔಷಧಿ ಅಂಗಡಿಯ ಹತ್ತಿರ ಬಂದಾಗ ಗೆಳೆಯರಿಬ್ಬರೂ ಕಿಟಕಿಯಲ್ಲಿ ಹಲ್ಲು ಕಿರಿಯುತ್ತ ನಿಂತಿದ್ದರು. ಮಗ್ಗಿ ಒದರುತ್ತಿರುವ ಬಿಕಾಂ ಪದವೀಧರನನ್ನು ನೋಡಿ ಅವರು ನಗುತ್ತಿದ್ದರು. ಅವರು ನನ್ನನ್ನು ನೋಡಿ ನಗುವುದಕ್ಕಿಂತ ನಾನೇ ನಗಿಸಿದರೆ ಮರ್ಯಾದೆ ಎನ್ನಿಸಿತು. “ಹದಿ... ಮೂ... ಐವ... ಕ್ರ್‌ರ್... ದು” ಎಂದೆ. ಇಬ್ಬರೂ ಕಪಾಟಿಗೆ ಒರಗಿ ನಕ್ಕರು. ಫೋನಿನಲ್ಲಿ ಕಾಕಾ, “ನಿಲ್ಲು, ನಿಲ್ಲು. ಅಲ್ಲೇ ನಿಲ್ಲು” ಅಂದರು.

ಆಗಲೇ ಹೇಳಬೇಕಿತ್ತು. ಅವರು ಏಣಿ ಹಿಡಿದುಕೊಂಡು ಬರುವುದು ಕಂಡಿತು. ಇಷ್ಟಕ್ಕೇ ಹತ್ತುವುದಿಲ್ಲ ಬಿಡು ಎಂದುಕೊಂಡೆ. ಹತ್ತಿದರು. ಪ್ರತಿ ಮೆಟ್ಟಿಲಿಗೂ ಬಲಗಾಲು ಮೊದಲಿಟ್ಟು ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. ಹತ್ತಿದ ಮೇಲೆ ಹೇಳುವುದಕ್ಕೆ ನಾಚಿಕೆ. ಹೇಳದೆ ಇದ್ದದ್ದಕ್ಕೆ ಮರುದಿನ ಇನ್ನೂ ನಾಚಿಕೆ, ಅದನ್ನು ಮುಚ್ಚಲು ಇನ್ನೊಂದು ಸಲ ಕ್ರ್‌ರ್. ಅದೇ ಜಾಗದಲ್ಲಿ ಮತ್ತೆ ಕಡಿಯದಿದ್ದರೆ ಮೊದಲಿನದು ಸುಳ್ಳೆಂದು ಗೊತ್ತಾಗುತ್ತದಲ್ಲ! ಹೀಗೆ ಮೂರು ದಿನದಲ್ಲಿ ಐದು ಸಲ. ಕಾಕಾ ಡಬ್ಬಿಯನ್ನು ಒಂದು ಮೊಳ ಸರಿಸಿದರು, ತಿರುಗಿಸಿದರು, ಬದಲಿಸಿದರು. ಕೊನೆಗೆ ಉಪಾಯ ಕಾಣದೆ ಲ್ಯಾಪ್‌ಟಾಪ್ ತೆಗೆದು ಟೆಸ್ಟರಿನಿಂದ ಒತ್ತಿ ಆ ಡಬ್ಬಿಯ ಪವರ್ ಪೂರ್ತಿ ಏರಿಸಿದರು.

ಮರುದಿನ ಶನಿವಾರ. ಬೆಳಿಗ್ಗೆ ಹೆರಿಗೆ ವಾರ್ಡಿನಿಂದ ಒಬ್ಬ ಹೆಣ್ಣುಮಗಳನ್ನು ತುರ್ತಾಗಿ ಥಿಯೇಟರಿಗೆ ಒಯ್ಯಬೇಕಾಯಿತು. ದೊಡ್ಡ ಸಿಸ್ಟರ್ ಸ್ಟ್ರೆಚರಿನ ಪಕ್ಕದಲ್ಲಿ ನಡೆಯುತ್ತಲೇ ಡಾಕ್ಟರಿಗೆ ಫೋನು ಹಚ್ಚಿದರು. ಥಿಯೇಟರಿನ ತಿರುವಿನಲ್ಲಿ ಕಡಿಯಿತು. ಮತ್ತೆ ಹಚ್ಚಿದರು, ಮತ್ತೆ ಕಡಿಯಿತು. ಮೂರನೇ ಸಲ ಕಡಿದಾಗ ಸ್ಟ್ರೆಚರನ್ನು ಇನ್ನೊಬ್ಬ ನರ್ಸಿಗೆ ಬಿಟ್ಟು ಮೆಟ್ಟಿಲಿಳಿದು ಓಡಿ ಬಂದರು. ಡಾಕ್ಟರು ಸಿಕ್ಕರು, ತಾಯಿ ಮಗು ಇಬ್ಬರೂ ಸುಖವಾಗಿ ಉಳಿದರು. ಆದರೆ ಮೇಲಕ್ಕೆ ಓಡುವ ಮುಂಚೆ ಸಿಸ್ಟರ್ ಆ ಫೋನನ್ನು ನನ್ನ ಮೇಜಿನ ಮೇಲೆ ಇಟ್ಟುಹೋದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಎಸೆಯಲಿಲ್ಲ. ಮೆಲ್ಲಗೆ ಇಟ್ಟರು. ಎಸೆದಿದ್ದರೆ ಸಮಾಧಾನವಾಗುತ್ತಿತ್ತು.

ಮಧ್ಯಾಹ್ನ ಡಾಕ್ಟರು ಕಾಕಾರನ್ನು ಕರೆಸಿದರು. ಎರಡು ಸಲ ಗಂಟಲು ಸರಿಮಾಡಿಕೊಂಡರು. “ನೀವು ಹಿರಿಯರದೀರಿ, ನಾ ಹೆಚ್ಚೇನು ಹೇಳಂಗಿಲ್ಲ. ಸೋಮವಾರ ಮುಂಜಾನೆ ನಾನಾ ಫೋನ್ ಹಿಡ್ಕೊಂಡು ಆ ವಾರ್ಡಿನಿಂದ ನಡೀತೀನಿ. ಒಂದು ಸಲ ಕಟ್ ಆದ್ರೂ ನಿಮ್ಮ ಡಬ್ಬಿ ಎಲ್ಲಾ ಇಳಿಸ್ಕೊಂಡು ಹೋಗ್ರಿ. ರಾಯಚೂರಿನಿಂದ ಬ್ಯಾರೇದವರನ್ನ ಕರಸ್ತೀನಿ.”

“ಆತ್ರಿ ಸಾಹೇಬ್ರ. ತಪ್ಪು ನಂದೈತಿ” ಎಂದರು ಕಾಕಾ.

ನಾನು ಬಾಗಿಲಲ್ಲೇ ನಿಂತಿದ್ದೆ. ಚಹಾ ತರುವ ನೆಪ ಮಾಡಿ ಅಲ್ಲಿಂದ ಜಾರಿಕೊಂಡೆ.

ಕಾಕಾ ಮೆಟ್ಟಿಲ ಕೆಳಗೆ ನೋಟ್‌ಬುಕ್ಕು ಬಿಡಿಸಿಕೊಂಡು ಕೂತಿದ್ದರು. ಬಸಿಯಲ್ಲಿ ಚಹಾ ಒಯ್ದು ಕೊಟ್ಟು ಪಕ್ಕದಲ್ಲಿ ಕೂತೆ. “ನಲವತ್ತು ವರ್ಷದಾಗ ಒಂದು ಫಾಲ್ಟ್ ಹುಡುಕದಾ ಬಿಟ್ಟಿಲ್ಲಪಾ ನಾ” ಎಂದರು, ನನಗಲ್ಲ, ನೋಟ್‌ಬುಕ್ಕಿಗೆ. “ಕೆಳಗೂ ಕಡೀತೈತಿ, ಮ್ಯಾಲೂ ಕಡೀತೈತಿ. ಒಂದಕ್ಕೊಂದು ಸಂಬಂಧಾನ ಹತ್ತವಲ್ದು. ಕಿವಿ ಹೋತೇನೋ ನಂದು.”

ಅದನ್ನು ಕೇಳಿ ತಡೆಯಲಾಗಲಿಲ್ಲ. “ಕಿವಿ ಬರೋಬರಿ ಐತಿ ಕಾಕಾ” ಎಂದೆ. “ಕೆಳಗ ಕಡದಿದ್ದು ಫೋನಲ್ಲ, ನಾನು. ಚ್ಯಾಷ್ಟಿಗೆ ಬಾಯಿಲೆ ಮಾಡಿದ್ದೆ. ಮಾಫ್ ಮಾಡ್ರಿ.”

ಅವರು ಬಸಿ ಕೆಳಗಿಟ್ಟರು. ಹೊಡೆಯುತ್ತಾರೆ ಎಂದುಕೊಂಡೆ. ಪೆನ್ನು ತೆಗೆದರು.

“ಐದೂ ನಿನ್ನವಾ?”

“ಐದೂ ನನ್ನವ್ರಿ.”

ನೋಟ್‌ಬುಕ್ಕಿನ ಆ ಐದರ ಮೇಲೂ ಒಂದೊಂದಾಗಿ ಗೀಟು ಎಳೆದರು. ಎಳೆದು ನೋಡುತ್ತ ಕೂತರು. ನಿಧಾನಕ್ಕೆ ಅವರ ಹೆಗಲು ಅಲುಗತೊಡಗಿತು. ನಗುತ್ತಿದ್ದರು. “ಒಂದಾ ಏಟಿಗೆ ಐದು ಫಾಲ್ಟ್ ಎಂದೂ ತೆಗೆದಿಲ್ಲಲೇ ನಾ, ಸರ್ವೀಸಿನಾಗ!”

“ನಿಮಗ ಅನುಮಾನ ಬರಲಿಲ್ಲೇನ್ರಿ?”

“ಬಂದಿತ್ತು. ಯಂತ್ರ ಕಡಿಯೋ ಮುಂಚೆ ಉಸಿರು ತಗೊಳ್ಳಂಗಿಲ್ಲ. ನೀ ಪ್ರತಿ ಸಲ ತಗೋತಿದ್ದಿ. ಆದ್ರ ಬಿಸಲಾಗ ಊರಿಂದ ಬಂದು ದಿನಾ ನೂರು ಸಲ ಮಗ್ಗಿ ಹೇಳೋ ಹುಡುಗ ಸುಳ್ಳು ಯಾಕ ಹೇಳ್ತಾನ ಅಂತ ನನ್ನ ಕಿವೀನ ಗಲತ್ ಅಂದ್ಕೊಂಡೆ.” ಆಮೇಲೆ ಒಮ್ಮೆಲೇ ನಗು ನಿಲ್ಲಿಸಿ ಮೇಲೆ ನೋಡಿದರು. ಮೆಟ್ಟಿಲ ಸಂದಿಯಿಂದ ಮೇಲಿನ ಕಾರಿಡಾರು ಕಾಣುತ್ತಿತ್ತು. “ಹಂಗಾದ್ರ ಈ ಕೆಳಗಿನ ಡಬ್ಬಿ ಸುಮ್ನ ಚೀರಾಕತ್ತೈತಿ!”

ನನಗೆ ತಿಳಿಯಲಿಲ್ಲ. ಅವರು ತಿಳಿಸಿದರು. ನಾನು ಹುಟ್ಟಿಸಿದ ದೋಷಕ್ಕೆಂದು ಪವರ್ ಏರಿಸಿದ ಕೆಳಗಿನ ಡಬ್ಬಿಯ ಸಿಗ್ನಲ್ ಮೆಟ್ಟಿಲ ಬಾವಿಯಿಂದ ಮೇಲಿನ ಅಂತಸ್ತಿಗೆ ನುಗ್ಗುತ್ತಿತ್ತು. ಸಿಸ್ಟರ್ ಫೋನು ಅದಕ್ಕೇ ಅಂಟಿಕೊಂಡಿತ್ತು, ನೆತ್ತಿಯ ಮೇಲಿನ ಡಬ್ಬಿಯ ಕಡೆ ತಿರುಗಲೇ ಇಲ್ಲ. “ಗದ್ದಿ ಆ ಬದುವಿನಾಗ ಒಬ್ಬಾಂವ ಮೈಕ್ ಹಿಡ್ಕೊಂಡು ಮಾತಾಡ್ತಾನ ಅನ್ನು. ಈ ಬದುವಿನಾಗ ನೀ ಬರೇ ಬಾಯಿಲೆ ಉತ್ತರಾ ಕೊಡ್ತಿ. ಅಂವಂದು ನಿನಗ ಕೇಳ್ತೈತಿ, ನಿಂದು ಅವಂಗ ಕೇಳಂಗಿಲ್ಲ. ಡಬ್ಬಿ ದನಿ ದೊಡ್ಡದು, ಫೋನಿನ ದನಿ ಸಣ್ಣದು. ಡಬ್ಬಿ ದನಿ ಇಳಸಬೇಕು. ಇಳದ್ರ ಫೋನಿಗೆ ತಿಳೀತೈತಿ, ಇವರ ಹದ್ದು ದಾಟೀನಿ, ಮುಂದಿನವರನ್ನ ಕೇಳಬೇಕು ಅಂತ.”

ಭಾನುವಾರ ರಜೆ ಬಿಟ್ಟು ಬಂದೆ. ದಿನವಿಡೀ ನಡೆದೆ, ಒಂದೂ ಕ್ರ್‌ರ್ ಇಲ್ಲದೆ. ನಾನು ಎಲ್ಲಿ ಉಸಿರೆಳೆದರೂ ಅವರಿಗೆ ಗೊತ್ತಾಗುತ್ತದೆಂಬ ಭಯಕ್ಕೆ ಉಸಿರಾಡುವುದನ್ನೂ ಹೇಳಿಯೇ ಮಾಡುತ್ತಿದ್ದೆ. ಕಾಕಾ ಪವರನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಬಂದರು. ಸಂಜೆಯ ಹೊತ್ತಿಗೆ ಹೆರಿಗೆ ವಾರ್ಡಿನಿಂದ ಥಿಯೇಟರಿನವರೆಗೆ ಒಂದು ಅಕ್ಷರ ಉದುರಲಿಲ್ಲ. ಕಾಕಾ ಮಸ್ಕಿ ಬಸ್ಸು ಹತ್ತುವಾಗ ನಾನು, “ನಾಳೆ ಡಾಕ್ಟರ್ ಮುಂದ ಎಲ್ಲಾ ಹೇಳಿಬಿಡ್ತೀನ್ರಿ” ಎಂದೆ. “ಏನಂತ? ಬಾಯಿಲೆ ಫಾಲ್ಟ್ ಮಾಡಿದೆ ಅಂತನಾ? ನಂಬಂಗಿಲ್ಲ ತಮ್ಮಾ, ನಿನ್ನನ್ನಾ ಒಳಗ ಅಡ್ಮಿಟ್ ಮಾಡ್ಕೋತಾರ” ಎಂದು ಕಿಟಕಿ ಪಕ್ಕದ ಸೀಟು ಹುಡುಕಿಕೊಂಡು ಹೋದರು. ಈ ಬರಹ ಓದಿದರೆ ಡಾಕ್ಟರಿಗೆ ಈಗ ಗೊತ್ತಾಗುತ್ತದೆ.

ಸೋಮವಾರ ಡಾಕ್ಟರಿಗೆ ಮೊದಲ ಸಿಟ್ಟು ಬಂದದ್ದೇ ಪವರ್ ಇಳಿಸಿದ್ದು ಕೇಳಿ. “ಕಟ್ ಆಗ್ತೈತಿ ಅಂದ್ರ ಹೆಚ್ಚು ಮಾಡ್ಬೇಕೋ, ಕಮ್ಮಿ ಮಾಡ್ಬೇಕೋ? ಗುಣ ಆಗ್ಲಿಲ್ಲಂದ್ರ ನಾವು ಡೋಸ್ ಏರಸ್ತೀವ್ರಿ.”

“ಡೋಸ್ ಹೆಚ್ಚಾಗಿ ಬಿದ್ದ ಪೇಷಂಟೂ ಬರ್ತಾರಲ್ರಿ ನಿಮ್ಮ ಕಡೆ” ಎಂದರು ಕಾಕಾ ತಣ್ಣಗೆ.

ಡಾಕ್ಟರು ಗಂಟಲು ಸರಿಮಾಡಿಕೊಂಡು ಮೇಲೆ ಹೋದರು. ಕೆಳಗೆ ದೊಡ್ಡ ಸಿಸ್ಟರ್ ಕೈಯಲ್ಲಿ ಇನ್ನೊಂದು ಫೋನು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ್ದರು. ಕಾಕಾ ತಮ್ಮ ಕುರ್ಚಿಯಲ್ಲಿ, ತೊಡೆಯ ಮೇಲೆ ನೋಟ್‌ಬುಕ್ಕು ಇಲ್ಲ, ಎರಡೂ ಕೈ ಮಂಡಿಯ ಮೇಲೆ. ಮೇಲಿನಿಂದ “ಹಲೋ ಹಲೋ” ಶುರುವಾಯಿತು. ಕಾಕಾ ಸಿಸ್ಟರ್ ಕಡೆ ನೋಡಿದರು. ಸಿಸ್ಟರ್, “ಸರ್, ಹಲೋ ನಡೆಯಂಗಿಲ್ಲಂತ. ಹದಿನೇಳರ ಮಗ್ಗಿ ಹೇಳ್ತಾ ನಡೀಬೇಕಂತ” ಎಂದರು. ಅತ್ತ ಕಡೆಯಿಂದ ಮೊದಲು ಗಂಟಲು, ಆಮೇಲೆ ಮಗ್ಗಿ.

“ಹದಿನೇಳೊಂದ್ಲೆ ಹದಿನೇಳು...” ವಾರ್ಡಿನ ಬಾಗಿಲು. ಮೂವತ್ನಾಲ್ಕು, ನೀರಿನ ನಲ್ಲಿ. ಐವತ್ತೊಂದು, ಅರವತ್ತೆಂಟು. ಎಂಬತ್ತೈದಕ್ಕೆ ದನಿ ತುಸು ನಿಧಾನವಾಯಿತು, ಕಡಿಯಲಿಲ್ಲ. “ಹದಿನೇಳಾರ್ಲೆ... ನೂರಾ ಎರಡು.” ಇನ್ನು ನಾಲ್ಕು ಹೆಜ್ಜೆಗೆ ಥಿಯೇಟರಿನ ತಿರುವು. ಶನಿವಾರ ಮೂರು ಸಲ ಕಡಿದದ್ದು ಅಲ್ಲೇ.

“ಹದಿನೇಳೇಳ್ಲೆ...”

ಸದ್ದಿಲ್ಲ.

ಔಷಧಿ ಅಂಗಡಿಯ ಕಿಟಕಿಯಲ್ಲಿ ಗೆಳೆಯರಿಬ್ಬರೂ ಮೊದಲ ಬಾರಿಗೆ ನಗದೆ ನಿಂತಿದ್ದರು. ಕಾಕಾ ಕಣ್ಣು ಮುಚ್ಚಿದರು. ತಲೆಯನ್ನು ಒಂದಿಷ್ಟು ಸ್ಪೀಕರಿನ ಕಡೆ ವಾಲಿಸಿದರು. ಮಂಡಿಯ ಮೇಲಿನ ಬೆರಳು ಮೆಲ್ಲಗೆ ತಾಳ ಹಾಕತೊಡಗಿತು. ಆಗ ನನಗೂ ಕೇಳಿತು, ಬಹಳ ಸಣ್ಣಗೆ, ನಡೆಯುತ್ತಿದ್ದ ಚಪ್ಪಲಿಯ ಸದ್ದು.

“ನೋಡ್ರಿ!” ಎಂದು ಡಾಕ್ಟರ ದನಿ ಸ್ಪೀಕರಿನಲ್ಲಿ ಗುಡುಗಿತು. “ಬರೋಬರಿ ಇಲ್ಲೇ ಕಟ್ ಆತು! ನಾ ಹೇಳಿದ್ದಿಲ್ಲಾ?”

ದೊಡ್ಡ ಸಿಸ್ಟರ್ ಫೋನನ್ನು ಬಾಯಿಯ ಹತ್ತಿರ ತಂದುಕೊಂಡರು.

“ಫೋನ್ ಕಟ್ ಆಗಿಲ್ರಿ ಸರ್, ನಿಮಗ ಮಗ್ಗಿ ಬರಲಿಲ್ಲ. ನೂರಾ ಹತ್ತೊಂಬತ್ತು. ಹೂಂ, ಮುಂದ ನಡೀರಿ.”